ಹೆಡ್ ಸೊಟ್ಟಗಾಗಿದೆಯಾ? ಗಾಜಿನ ಮೇಲೆ ತೇಯಿರಿ

ಹೊಸ ಗ್ಯಾಸ್ಕೆಟ್ ಹಾಕಿದ್ರೂ
ದೋಣಿ ಮೋಟಾರಿನ ಹೆಡ್ ಪಕ್ಕದಲ್ಲಿ ನೀರು ಜಿನುಗ್ತಾ ಇದೆಯಾ?

ಗ್ಯಾಸ್ಕೆಟ್‌ಗೆ ಬೈಬೇಡಿ.
ಹೆಡ್ಡೇ ಸೊಟ್ಟಗಾಗಿರಬಹುದು.

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗೆ ಕಟ್ಟೋ ಔಟ್‌ಬೋರ್ಡ್ ಮೋಟಾರು
ತಣ್ಣಗಾಗೋದು ಸಮುದ್ರದ ನೀರಿಂದಲೇ.
ನೀರೆತ್ತೋ ಇಂಪೆಲ್ಲರ್ ಸವೆದ್ರೆ, ಒಳಗೆ ಉಪ್ಪು ಕಟ್ಟಿದ್ರೆ,
ನೀರು ಹರಿಯಲ್ಲ.
ಅಲ್ಯೂಮಿನಿಯಂ ಹೆಡ್ ಕಾದು ಬಾಗುತ್ತೆ.

ಹೆಡ್ ಬಿಚ್ಚಿ, ಹಳೇ ಗ್ಯಾಸ್ಕೆಟ್ ಕೆರೆದು ತೆಗೀರಿ.
ಗ್ಯಾಸ್ಕೆಟ್ ಕೂರೋ ಮುಖದ ಮೇಲೆ ನೇರ ಸ್ಟೀಲ್ ಪಟ್ಟಿ ಇಡಿ,
ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ.
ಸಂದಿಯಲ್ಲಿ 0.1 ಮಿಲಿಮೀಟರ್ ಫೀಲರ್ ಗೇಜ್ ತೂರಿತಾ?
ಹಾಗಾದ್ರೆ ತೇಯಲೇಬೇಕು.

ಮೊದಲು ಹೆಡ್ಡಿನ ಆ ಮುಖದ ಮೇಲೆ ಮಾರ್ಕರ್‌ನಲ್ಲಿ ಗೀಟು ಎಳೀರಿ.
ದಪ್ಪ ಗಾಜು. ಅದರ ಮೇಲೆ 400 ನಂಬರ್ ವಾಟರ್ ಪೇಪರ್.
ಒಂದಿಷ್ಟು ನೀರು.
ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ,
ಒತ್ತದೆ, ನಿಧಾನಕ್ಕೆ,
ಇಂಗ್ಲಿಷ್ ಎಂಟರ ಆಕಾರದಲ್ಲಿ.

ಉಬ್ಬಿದ ಕಡೆ ಗೀಟು ಬೇಗ ಅಳಿಯುತ್ತೆ,
ತಗ್ಗಲ್ಲಿ ಉಳಿಯುತ್ತೆ.
ಎಲ್ಲಾ ಅಳಿದ ಕೂಡಲೇ ನಿಲ್ಲಿಸಿ.
ಜಾಸ್ತಿ ತೇಯ್ದ್ರೆ ಕಂಪ್ರೆಷನ್ ಏರುತ್ತೆ.

ಪುಡಿ ಪೂರ್ತಿ ತೊಳೀರಿ. ಹೊಸ ಗ್ಯಾಸ್ಕೆಟ್ ಹಾಕಿ.
ಬೋಲ್ಟ್ ನಡುವಿನಿಂದ ಹೊರಕ್ಕೆ,
ಟಾರ್ಕ್ ವ್ರೆಂಚಲ್ಲೇ ಬಿಗಿ ಮಾಡಿ.

ಇಂಪೆಲ್ಲರ್ ನೋಡದೆ ಮಾತ್ರ ಕಡಲಿಗೆ ಇಳೀಬೇಡಿ.
ನೀರು ಹರೀದಿದ್ರೆ ಹೆಡ್ ಮತ್ತೆ ಬಾಗುತ್ತೆ.