‘ಮರ್ಲ್’ ಎಂದರೆ ಕೋರ್ಟು ಬಿಡುತ್ತದೆಯೇ?

ಕಾಣಿಯೂರು: ಎಲ್ಲಿಯಾದರೂ ಕೊಲೆಯಾದ ಸುದ್ದಿ ಬಂದರೆ ಸಾಕು, ಇಲ್ಲಿ ಪುತ್ತೂರು ಬಸ್ಸಿಗೆ ಕಾದು ನಿಂತವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. “ಅವನಿಗೆ ಮರ್ಲ್ ಮಾರಾಯ್ರೆ, ಕೋರ್ಟಲ್ಲಿ ಬಿಟ್ಟುಬಿಡ್ತಾರೆ!”

ಬಿಡುತ್ತಾರೆಯೇ? ಅಷ್ಟು ಸಲೀಸಾಗಿ ಇಲ್ಲ.

1860ರ ದಂಡ ಸಂಹಿತೆಯಲ್ಲಿ ಇದಕ್ಕೆ 84ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು. ನಂಬರು ಬದಲಾಯಿತು, ಹೂರಣ ಅದೇ. ಕೃತ್ಯ ಎಸಗುವ ಹೊತ್ತಿಗೆ ಆರೋಪಿಗೆ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬ ಅರಿವೇ ಇರಲಾರದಷ್ಟು ಬುದ್ಧಿ ಕೆಟ್ಟಿರಬೇಕು. ಹಾಗಿದ್ದರೆ ಪೂರ್ತಿ ಖುಲಾಸೆ. ಇಲ್ಲವಾದರೆ ಏನೂ ಇಲ್ಲ. ತಾನೇ ಕುಡಿದು ಏರಿಸಿಕೊಂಡ ಅಮಲಿಗೂ ಇಲ್ಲಿ ಜಾಗವಿಲ್ಲ.

ಅರ್ಧ ಬುದ್ಧಿ ಕೆಟ್ಟವನ ಗತಿಯೇನು? ಇಂಗ್ಲೆಂಡಿನಲ್ಲಿ 1957ರ ಕಾನೂನು ಅಂಥವನ ಕೊಲೆ ಆರೋಪವನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತದೆ. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲ. ತೀವ್ರ, ಹಠಾತ್ ಉದ್ರೇಕಕ್ಕೆ ರಿಯಾಯಿತಿ ಇದೆ ನಿಜ. ಆದರೆ ಅದು ಸಿಟ್ಟಿಗೆ, ಕಾಯಿಲೆಗಲ್ಲ. ಆ ಸಿಟ್ಟೂ ಆರಿರಬಾರದು. ಹೆಂಡತಿಯ ಗೆಳೆಯನನ್ನು 1959ರಲ್ಲಿ ಬೊಂಬಾಯಿಯಲ್ಲಿ ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಗೆ ಸುಪ್ರೀಂ ಕೋರ್ಟು ಅದನ್ನು ಕೊಡಲಿಲ್ಲ. ವಿಷಯ ತಿಳಿದ ಮೇಲೆ ಸುಮಾರು ಮೂರು ಗಂಟೆ ಕಳೆದಿತ್ತು!

ಹಾಗಾಗಿ ಅರೆ ಕಾಯಿಲೆಯ ಮಾತು ನಡೆಯುವುದೇನಿದ್ದರೂ ಶಿಕ್ಷೆಯ ಹಂತದಲ್ಲಿ. 1994ರ ವಾಮಂಜೂರು ನಾಲ್ವರ ಕೊಲೆ ಈ ಕಡೆಯವರಿಗೆ ನೆನಪಿದ್ದೀತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಅಪರಾಧಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವನ ಮಟ್ಟಿಗೆ ಕಾರಣ ಕ್ಷಮಾದಾನ ಅರ್ಜಿ ಕೊಳೆತದ್ದು. ಅದೇ ತೀರ್ಪಿನಲ್ಲಿ, ಗಲ್ಲಿಗೆ ಕಾದಿರುವವನ ಮನೋರೋಗವೂ ಶಿಕ್ಷೆ ಇಳಿಸಲು ಸಾಕಾದ ಕಾರಣ ಎಂದು ಕೋರ್ಟು ಒಪ್ಪಿತು.

ಇನ್ನು ರುಜುವಾತು. ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ತೋರಿಸುವ ಭಾರ ಆರೋಪಿಯದೇ. ಪೊಲೀಸರಷ್ಟು ಗಟ್ಟಿಯಾಗಿ ಬೇಡ, ಹೌದಿರಬಹುದು ಎನಿಸುವಷ್ಟಾದರೂ ಬೇಕು. ಮೊದಲು, ಆಗ, ಆಮೇಲೆ ಅವನು ಹೇಗಿದ್ದ? ಕತ್ತಿ ಅಡಗಿಸಿಟ್ಟು ಓಡಿದ್ದರೆ, ತಪ್ಪೆಂದು ಗೊತ್ತಿತ್ತು ಎಂದು ಸರಕಾರಿ ವಕೀಲರು ಹೇಳದೆ ಬಿಡುವುದಿಲ್ಲ. ಮನೆಯವರು ಹಿಂದಿನ ಮದ್ದಿನ ಚೀಟಿ ಹುಡುಕುವುದು ಆಗಲೇ. ಎಷ್ಟೋ ಮನೆಗಳಲ್ಲಿ ಚೀಟಿ ಇರುವುದಿಲ್ಲ. ಮರ್ಯಾದೆ ಹೋದೀತೆಂದು ಡಾಕ್ಟರಲ್ಲಿಗೆ ಹೋಗಿಯೇ ಇಲ್ಲ, ನೂಲು ಕಟ್ಟಿಸಿ ಸುಮ್ಮನಾಗಿದ್ದಾರೆ. ನಂಬಿಕೆ ಅವರವರದು, ಆದರೆ ಕಾಯಿಲೆ ಎಷ್ಟು ಹಳೆಯದೆಂದು ನೂಲು ಸಾಕ್ಷಿ ಹೇಳದು.

ಖುಲಾಸೆಯಾದವನೂ ಸೀದಾ ಮನೆಗೆ ಬಂದು ಗಂಜಿ ಉಣ್ಣುವುದಿಲ್ಲ. ಅವನನ್ನು ಮಾನಸಿಕ ಆಸ್ಪತ್ರೆಯಂಥ ಸುರಕ್ಷಿತ ಜಾಗದಲ್ಲಿ ಇಡಲು ಕೋರ್ಟು ಹೇಳಬಹುದು. ಸಂಬಂಧಿಕರಿಗೆ ಒಪ್ಪಿಸಿದರೆ, ಅವನು ತನಗೂ ಬೇರೆಯವರಿಗೂ ಹಾನಿ ಮಾಡದಂತೆ ನೋಡಿಕೊಳ್ಳುತ್ತೇವೆಂದು ಅವರು ಜಾಮೀನು ಬರೆದುಕೊಡಬೇಕು.