ಎಲೆಕ್ಟ್ರಾನ್ ಕೈಬಿಡುವ ಜಾಗ

ಎಂ.ಎಸ್ಸಿ. ಫಿಸಿಕ್ಸ್ ಎಂದರೆ ಸಾಕು, ‘ಮುಂದೇನು, ಲೆಕ್ಚರರ್ರಾ?’ ಎಂಬ ಪ್ರಶ್ನೆ ಮೈಸೂರಿನಲ್ಲಿ ತಪ್ಪಿದ್ದಲ್ಲ. ನನ್ನ ತಲೆಯಲ್ಲಿ ಸದ್ಯ ಕೂತಿರುವುದು ಎಲೆಕ್ಟ್ರಾನ್.

ಬಾಹ್ಯಾಕಾಶದ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಕಾಂತರೇಖೆಗಳನ್ನು ಸುತ್ತಿಕೊಂಡೇ ಸಾಗುತ್ತವೆ. ಸೂರ್ಯನಿಂದ ಬಂದ ಕಾಂತಕ್ಷೇತ್ರ ಭೂಮಿಯದಕ್ಕೆ ಎದುರುಮುಖವಾಗಿ ತಾಗಿದಾಗ ಆ ರೇಖೆಗಳು ತುಂಡಾಗಿ ಹೊಸದಾಗಿ ಬೆಸೆದುಕೊಳ್ಳುತ್ತವೆ; ಕಾಂತಶಕ್ತಿ ಕಣಗಳ ವೇಗವಾಗುತ್ತದೆ. ಮೊದಲು ಹಿಡಿತ ಬಿಡುವುದು ಪ್ರೋಟಾನ್. ಅದಕ್ಕಿಂತ 1836 ಪಟ್ಟು ಹಗುರವಾದ ಎಲೆಕ್ಟ್ರಾನ್ ಕಡೆಯವರೆಗೂ ಅಂಟಿಕೊಂಡಿದ್ದು, ಕೆಲವೇ ಕಿಲೋಮೀಟರ್ ಅಗಲದ ಜಾಗದಲ್ಲಿ ಕೈಬಿಡುತ್ತದೆ. 2015ರ ಅಕ್ಟೋಬರ್ 16ರಂದು ನಾಸಾದ ನಾಲ್ಕು ಎಂಎಂಎಸ್ ಉಪಗ್ರಹಗಳು ಅಂಥ ಜಾಗವನ್ನೇ ಹಾದುಹೋದವು. 30 ಮಿಲಿಸೆಕೆಂಡಿಗೊಮ್ಮೆ ಅಳೆಯುವ ಉಪಕರಣವಿದ್ದುದರಿಂದ ಸಿಕ್ಕಿಬಿತ್ತು: ಎಲೆಕ್ಟ್ರಾನುಗಳ ವೇಗದ ನಕ್ಷೆ ಬಿದಿಗೆ ಚಂದ್ರನ ಆಕಾರದಲ್ಲಿತ್ತು!

2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯ ಆಕಾಶ ಕೆಂಪಾದದ್ದರ ಹಿಂದೆಯೂ ಇದೇ ಬೆಸುಗೆ. ಆ ಸೌರ ಬಿರುಗಾಳಿಯನ್ನು ನಮ್ಮ ಆದಿತ್ಯ-ಎಲ್1 ಕೂಡ ದಾಖಲಿಸಿತು.

ಎಂಎಂಎಸ್ ದತ್ತಾಂಶ ಯಾರಿಗಾದರೂ ಉಚಿತ. ಆದಿತ್ಯದ್ದೂ ಇಸ್ರೊ ಜಾಲತಾಣದಲ್ಲಿ ಸಿಗುತ್ತದೆ. ಒಂದಿಷ್ಟು ಪೈಥಾನ್ ಗೊತ್ತಿದ್ದರೆ, ಜೆಆರ್‌ಎಫ್‌ಗೆ ಕಾಯದೆ ಹಾಸ್ಟೆಲ್ ಕೋಣೆಯಲ್ಲೇ ಕೆಲಸ ಶುರುಮಾಡಬಹುದು. ವೈಫೈ ಇದ್ದ ರಾತ್ರಿ ಮೊದಲು ಇಳಿಸಿಕೊಂಡದ್ದು ಅಕ್ಟೋಬರ್ 16ರ ಕಡತವನ್ನೇ.