ಮಗುವಿನ ನಿಸರ್ಗದೊಲವು

ಮಾರೇನಹಳ್ಳಿಯು ಹೆಸರಿಗೆ ಹಳ್ಳಿಯಾದರೂ ಈಗ ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೇ ಹೆಚ್ಚು. ನಮ್ಮ ಮನೆಯ ತಾರಸಿಯಲ್ಲಿ ಕುಂಡದೊಳಗೊಂದು ಕರಿಬೇವಿನ ಗಿಡವಿದೆ. ಕಳೆದ ಮಳೆಗಾಲದಲ್ಲಿ ಅದರ ಎಲೆಗಳಿಗೆ ಹಕ್ಕಿಯ ಹಿಕ್ಕೆ ಅಂಟಿದೆಯೆಂದು ಭಾವಿಸಿ ನಾನು ನೀರೆರಚಿ ತೊಳೆಯಹೋದೆನು. ಏಳು ವರ್ಷದ ನನ್ನ ಅಕ್ಕನ ಮಗನು ಓಡಿಬಂದು ಕೈ ಹಿಡಿದನು: "ಮಾಮ, ಬೇಡ! ಅದು ಎಲೆ ತಿಂತಾ ಇದೆ."

ಬಾಗಿ ನೋಡಿದರೆ, ಅದು ನಿಂಬೆಚಿಟ್ಟೆಯ ಹುಳು. ಎಳೆಯದಾಗಿರುವಾಗ ಹಿಕ್ಕೆಯಂತೆ ಕಂಡು ಹಕ್ಕಿಗಳ ಕಣ್ಣು ತಪ್ಪಿಸುವ ಈ ಹುಳು, ಬೆಳೆದ ಮೇಲೆ ಎಲೆಯ ಹಸುರನ್ನೇ ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ಘಾಟುವಾಸನೆ ಬೀರುತ್ತದೆ. ಹೆಸರನ್ನು ನಾನು ಆಮೇಲೆ ಪುಸ್ತಕದಲ್ಲಿ ಹುಡುಕಿದೆನು. ಹುಡುಗನಾದರೋ ಹೆಸರೊಂದನ್ನುಳಿದು ಮಿಕ್ಕೆಲ್ಲವನ್ನೂ ತಾನೇ ಕಂಡುಕೊಂಡಿದ್ದನು. ವಿನೋದವೆಂದರೆ, ಅವನಿಗೆ ಏಕಾಗ್ರತೆ ಸಾಲದು, ಪಾಠದ ವೇಳೆ ಕಿಟಕಿಯಾಚೆ ನೋಡುತ್ತಾನೆ ಎಂದು ಶಾಲೆಯಿಂದ ಚೀಟಿ ಬಂದದ್ದೂ ಅದೇ ವಾರ! ಅಕ್ಕ ಕಳವಳಗೊಂಡಿದ್ದಳು.

ಚಿಟ್ಟೆಯ ಹಿಂದೆ ಓಡದ ಮಗುವಿಲ್ಲ. ಆದರೆ ಕೆಲವು ಮಕ್ಕಳು ಓಡಿ ದಣಿದ ಮೇಲೂ ಮರುದಿನ ಅದೇ ಗಿಡದ ಬಳಿಗೆ ಬರುತ್ತಾರೆ; ನಿನ್ನೆಗೂ ಇಂದಿಗೂ ಇರುವ ಭೇದವನ್ನು ಹೇಳುತ್ತಾರೆ; ಕಲ್ಲು, ಬೀಜ, ಗರಿಗಳನ್ನು ಕೂಡಿಸಿ ಬಗೆಬಗೆಯಾಗಿ ವಿಂಗಡಿಸುತ್ತಾರೆ. ಹೊವಾರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ ಏಳು ವಿಧದ ಬುದ್ಧಿಶಕ್ತಿಗಳನ್ನು ಹೆಸರಿಸಿ, 1990ರ ದಶಕದಲ್ಲಿ ಎಂಟನೆಯದಾಗಿ ಸೇರಿಸಿದ್ದು ಇದನ್ನೇ, ಅಂದರೆ ನಿಸರ್ಗದ ವಸ್ತುಗಳನ್ನು ಗುರುತಿಸಿ ವರ್ಗೀಕರಿಸುವ ಶಕ್ತಿಯನ್ನು. ಈ ವಿಂಗಡಣೆಯನ್ನು ಒಪ್ಪದ ವಿದ್ವಾಂಸರೂ ಉಂಟು. ಆದರೂ ಮಗುವಿನ ಜೇಬಿನಲ್ಲಿರುವುದನ್ನು ಕಸವೆಂದು ಎಸೆಯುವ ಮುನ್ನ ಒಮ್ಮೆ ನೋಡಬೇಕೆಂಬಷ್ಟಕ್ಕೆ ಯಾರೂ ಅಡ್ಡಿ ಹೇಳಲಾರರು.

ಗುರುತಿಸಿದ ಮೇಲೆ ಪೋಷಿಸುವುದು ಹೇಗೆ? ಸಲೀಂ ಅಲಿಯವರ ಬಾಲ್ಯವನ್ನು ನೋಡೋಣ. 1896ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದ ಈ ಹುಡುಗನು, ಆಟದ ಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದನು. ಅದರ ಕೊರಳು ಹಳದಿಯಾಗಿತ್ತು. ಇದು ಯಾವ ಗುಬ್ಬಿಯೆಂದು ಕೇಳಿದಾಗ ಮಾವನಿಗೆ ತಿಳಿಯಲಿಲ್ಲ. ಆದರೆ ಅವರು ಗದರಿಸದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಅವನನ್ನು ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲರ್ಡರು ಅಂಜುತ್ತ ಬಂದ ಬಾಲಕನಿಗೆ ಹಕ್ಕಿಯ ಹೆಸರು ಹೇಳಿ, ಸಂಗ್ರಹದ ಪಕ್ಷಿಗಳನ್ನು ತೋರಿಸಿ, ಓದಲು ಪುಸ್ತಕಗಳನ್ನೂ ಕೊಟ್ಟರು. ಅದೇ ಸಲೀಂ ಅಲಿಯವರು ಮುಂದೆ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅವರ ಒತ್ತಾಸೆಯಿಂದಲೇ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು.

ಆದುದರಿಂದ ಹಿರಿಯರು ಎಲ್ಲವನ್ನೂ ಬಲ್ಲವರಾಗಿರಬೇಕಿಲ್ಲ. "ನನಗೂ ಗೊತ್ತಿಲ್ಲ, ಕೇಳೋಣ" ಎಂದರೆ ಸಾಕು. ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ, ಜೊತೆಗೆ ಒಂದಿಷ್ಟು ಬಿಡುವು. ಆದರೆ ಅವನ ನೋಟುಪುಸ್ತಕಕ್ಕೆ ಅಂಕ ಹಾಕಹೊರಟರೆ ಕೆಲಸ ಕೆಟ್ಟಿತು!

ಕರಿಬೇವನ್ನು ನಾವೀಗ ಅಂಗಡಿಯಿಂದ ತರುತ್ತಿದ್ದೇವೆ. ಗಿಡದಲ್ಲಿದ್ದ ಮೂರು ಕೋಶಗಳಲ್ಲಿ ಎರಡರಿಂದ ಚಿಟ್ಟೆಗಳು ಹೊರಬಂದವು; ಮೂರನೆಯದು ಕಪ್ಪಾಗಿ ಹಾಗೆಯೇ ಉಳಿಯಿತು. ಏಕೆಂದು ಹುಡುಗನು ದಿನವೂ ಕೇಳುತ್ತಾನೆ. ಬರುವ ಭಾನುವಾರ ನನ್ನ ಗುರುತಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಲ್ಲಿಗೆ ಅವನನ್ನು ಕರೆದೊಯ್ಯುವೆನು. ಕೋಶವನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಟ್ಟು ಅವನಾಗಲೇ ಸಿದ್ಧನಾಗಿದ್ದಾನೆ.